ಬೂದು ಪೆಟ್ಟಿಗೆಯೊಳಗೆ ಅಮ್ಮನ ಕಣ್ಣು

ಮೊನ್ನೆ ದೇವನಹಳ್ಳಿಯ ಕಣ್ಣಾಸ್ಪತ್ರೆಯೊಂದರಲ್ಲಿ ನಮ್ಮಮ್ಮನ ತಪ್ಪು ಕಣ್ಣಿಗೆ ಆಪರೇಷನ್ ಆಗುವುದರಲ್ಲಿತ್ತು. ಡಾಕ್ಟರ ತಪ್ಪಿಲ್ಲ. ಕೌಂಟರಿನ ಹುಡುಗಿಯ ತಪ್ಪೂ ಇಲ್ಲ. ತಪ್ಪು ಒಂದು ಬಣ್ಣದ್ದು.

ನಗಬೇಡಿ. ಆವತ್ತು ನನಗೆ ನಗು ಬಂದಿರಲಿಲ್ಲ.

ಅಮ್ಮನ ಎರಡೂ ಕಣ್ಣಲ್ಲಿ ಪೊರೆ. ಒಂದರಲ್ಲಿ ಪೂರ್ತಿ ಬಲಿತಿದೆ, ಅದನ್ನು ಮೊದಲು ತೆಗೆಯೋಣ ಎಂದು ಡಾಕ್ಟರಮ್ಮ ಹಿಂದಿನ ವಾರ ಹೇಳಿದ್ದರು. ಆಗ ಜೊತೆಗೆ ಹೋಗಿದ್ದವಳು ನನ್ನ ಹೆಂಡತಿ. ಆಪರೇಷನ್ ದಿನ ನನ್ನ ಸರದಿ. ಕುಂದಾಣದಿಂದ ಬೆಳಗ್ಗೆಯೇ ಹೊರಟು ಬಂದು ಕೌಂಟರಿನ ಮುಂದೆ ಕೂತೆವು. ಅಲ್ಲಿದ್ದ ಹುಡುಗಿ ಸೌಮ್ಯ. ಕಂಪ್ಯೂಟರ್ ನೋಡಿ, ಆಪರೇಷನ್ ಆಗಬೇಕಾದ ಕಣ್ಣಿನ ಹುಬ್ಬಿನ ಮೇಲೆ ಒಂದು ತುಂಡು ಬಿಳಿ ಪ್ಲಾಸ್ಟರ್ ಅಂಟಿಸುವುದು ಅವಳ ಕೆಲಸ.

ಸೌಮ್ಯ ಸ್ಕ್ರೀನಿಗೆ ಮೂಗು ತಾಗಿಸಿದಳು. ಹಿಂದೆ ಸರಿದಳು. ಮಾನಿಟರನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಕೊನೆಗೆ ಅಮ್ಮನನ್ನೇ ಕೇಳಿದಳು. "ಅಜ್ಜಿ, ಯಾವ ಕಣ್ಣು?"

"ಬಲಗಣ್ಣು ಕಣಮ್ಮ," ಅಂದಳು ಅಮ್ಮ, ಒಂಚೂರೂ ತಡವರಿಸದೆ.

ಬಲ ಹುಬ್ಬಿನ ಮೇಲೆ ಪ್ಲಾಸ್ಟರ್ ಬಿತ್ತು.

ನನಗೆ ಯಾಕೋ ಸಮಾಧಾನವಾಗಲಿಲ್ಲ. ಎಡಗಡೆ ಕೂತರೆ ನಾನಿರುವುದೇ ಅಮ್ಮನಿಗೆ ಗೊತ್ತಾಗುವುದಿಲ್ಲ. ಬಲಗಡೆ ಬಂದ ಕೂಡಲೇ ಗಡ್ಡ ಯಾಕೆ ತೆಗೆದಿಲ್ಲ ಎಂದು ಬೈಯುತ್ತಾಳೆ. ಹಾಗಾದರೆ ಹೆಚ್ಚು ಕೆಟ್ಟಿರುವುದು ಯಾವುದು?

"ಅಮ್ಮ, ಡಾಕ್ಟ್ರು ಬಲಗಣ್ಣು ಅಂದಿದ್ರಾ?"

"ಅವ್ರು ಎಡಗಣ್ಣು ಅಂದ್ರು. ಒಳ್ಳೇ ಕೆಲ್ಸನ ಯಾರಾದ್ರೂ ಎಡಗಡೆಯಿಂದ ಶುರು ಮಾಡ್ತಾರೇನ್ಲಾ? ಹೆಂಗೂ ಎರಡ್ರಲ್ಲೂ ಪೊರೆ ಅದೆ. ಬಲದ್ದೇ ಮೊದ್ಲು ಆಗ್ಲಿ ಬಿಡು."

(ಆಸ್ಪತ್ರೆಯ ಹೊಸ್ತಿಲನ್ನೂ ಬಲಗಾಲಿಟ್ಟೇ ದಾಟಿದ್ದಳು.)

ಎದ್ದು ಹೋಗಿ ಸ್ಕ್ರೀನಿಗೆ ಬಗ್ಗಿದೆ. ಸಾಫ್ಟ್‌ವೇರ್ ಅಚ್ಚ ಕನ್ನಡದ್ದು, ಅದಕ್ಕೆ ಶಭಾಷ್ ಅನ್ನಲೇಬೇಕು. ಅಮ್ಮನ ಇಮೇಲ್ ವಿಳಾಸಕ್ಕೆ (ಅಮ್ಮನಿಗೆ ಇಮೇಲ್!) ಬೆಳ್ಳಗೆ ಹೊಳೆಯುವ ಉದ್ದನೆಯ ಖಾಲಿ ಪೆಟ್ಟಿಗೆ. 'ಯಾವ ಕಣ್ಣು' ಎಂಬ ಪ್ರಶ್ನೆ ದಪ್ಪ ಕಪ್ಪಕ್ಷರದಲ್ಲಿ. ಉತ್ತರ? ಬೂದು ಪೆಟ್ಟಿಗೆಯಲ್ಲಿ ಬೂದು ಅಕ್ಷರ, ತುಳಿದು ಹೋದ ರಂಗೋಲಿಯ ಹಾಗೆ.

"ಡಾಕ್ಟ್ರು ತುಂಬಿದ್ಮೇಲೆ ಅದು ಡಿಸೇಬಲ್ ಆಗುತ್ತೆ ಸರ್. ನಾವು ಚೇಂಜ್ ಮಾಡೋ ಹಂಗಿಲ್ಲ," ಅಂದಳು ಸೌಮ್ಯ.

ಸರಿ ತಾಯಿ, ಒಪ್ಪಿದೆ. ಬೀಗ ಹಾಕಿ. ಆದರೆ ಮುಟ್ಟಬೇಡ ಅನ್ನುವುದಕ್ಕೂ ನೋಡಬೇಡ ಅನ್ನುವುದಕ್ಕೂ ವ್ಯತ್ಯಾಸ ಇಲ್ಲವೇ? ಯಾರೂ ಬದಲಾಯಿಸಬಾರದಷ್ಟು ಮುಖ್ಯವಾದ ಮಾತು ಎಲ್ಲಕ್ಕಿಂತ ಚೆನ್ನಾಗಿ ಕಾಣಬೇಕೋ ಬೇಡವೋ?

ಸೌಮ್ಯ ಪಾಪ, ಸಾಫ್ಟ್‌ವೇರ್ ಮಾಡಿಕೊಟ್ಟವನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು.

"ಡಿಸೇಬಲ್ಡ್ ಫೀಲ್ಡ್ ಹಂಗೇ ಕಾಣೋದು ಸರ್, ಅದು ಡೀಫಾಲ್ಟು. ಬೇಕಂದ್ರೆ ಎನೇಬಲ್ ಮಾಡ್ಕೊಡ್ತೀನಿ, ಕಪ್ಪಗೆ ಕಾಣುತ್ತೆ."

"ಆಗ ಯಾರು ಬೇಕಾದ್ರೂ ಕಣ್ಣು ಬದಲಾಯಿಸ್ಬೋದಲ್ಲಪ್ಪ?"

"ಹೂಂ, ಬದಲಾಯಿಸ್ಬೋದು."

ತಲೆ ಕೆಟ್ಟುಹೋಯಿತು. "ಮುಟ್ಟಕ್ಕಾಗ್ಬಾರ್ದು, ಆದ್ರೆ ಓದಕ್ಕಾಗ್ಬೇಕು. ಅಂಥದ್ದು ಮಾಡಕ್ಕಾಗಲ್ವಾ ಗುರು?"

"ಆಗುತ್ತೆ ಸರ್, ರೀಡ್ ಓನ್ಲಿ ಅಂತ ಇದೆ. ಇಲ್ಲೀವರ್ಗೂ ಯಾರೂ ಕೇಳಿರ್ಲಿಲ್ಲ."

ಯಾರೂ ಕೇಳಿರಲಿಲ್ಲವಂತೆ. ಕೇಳುವವರು ಯಾರು ಸ್ವಾಮಿ? ಅಲ್ಲಿಗೆ ಬರುವವರೆಲ್ಲ ಕಣ್ಣು ಕಾಣದವರು.

ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ಅವರು ಟಾರ್ಚ್ ಬಿಟ್ಟು ನೋಡಿ ಎಡಗಣ್ಣೇ ಅಂದರು. (ಪ್ಲಾಸ್ಟರ್ ಎಲ್ಲೇ ಇರಲಿ, ಶುರು ಮಾಡುವ ಮುಂಚೆ ಇನ್ನೊಮ್ಮೆ ನಾನೇ ನೋಡುತ್ತೇನೆ ಎಂದೂ ಹೇಳಿದರು. ಹೋದ ಜೀವ ಬಂತು.) ಪ್ಲಾಸ್ಟರ್ ಎಡ ಹುಬ್ಬಿಗೆ ಬಂತು. ಅಮ್ಮ ಮುಖ ಗಂಟಿಕ್ಕಿಕೊಂಡೇ ಒಳಗೆ ಹೋದಳು. ಅಲ್ಲೂ ಬಲಗಾಲೇ ಮುಂದೆ.

ಈ ಬೂದು ರೋಗ ಆ ಆಸ್ಪತ್ರೆಗೆ ಮಾತ್ರ ಅಂಟಿದ್ದಲ್ಲ. ಯಾವ ಕಚೇರಿಯ ಕಂಪ್ಯೂಟರಿಗೆ ಬೇಕಾದರೂ ಬಗ್ಗಿ ನೋಡಿ. ಇನ್ನೂ ಏನೂ ತುಂಬದ ಜಾಗಕ್ಕೆ ಬೆಳಕೋ ಬೆಳಕು. ನಮ್ಮ ಹೆಸರು, ಊರು, ಹುಟ್ಟಿದ ದಿನ ಒಮ್ಮೆ ಒಳಗೆ ಹೋಯಿತೋ, ಮುಗಿಯಿತು, ಮಬ್ಬು. ತಪ್ಪಿದ್ದರೆ ಹಿಡಿಯುವುದು ಹೇಗೆ?

ಈ ವಾರ ತಪಾಸಣೆಗೆ ಹೋದೆವು. ದಾರಿಯುದ್ದಕ್ಕೂ ಅಮ್ಮನ ಖುಷಿ ಹೇಳತೀರದು. ಬಲಗಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗಣ್ಣೊಂದರಲ್ಲೇ ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಸೈಟು ಮಾರುವವರ ಫ್ಲೆಕ್ಸು ಎಲ್ಲ ಜೋರಾಗಿ ಓದಿದಳು. ಕೌಂಟರಿಗೆ ಬಂದವಳು ಅದೇ ಹುರುಪಿನಲ್ಲಿ ಸೌಮ್ಯಳ ಸ್ಕ್ರೀನಿಗೂ ಬಗ್ಗಿದಳು. ಅದೇ ಬೂದು ಪೆಟ್ಟಿಗೆ. ಇನ್ನೂ ಯಾರೂ ಸರಿಮಾಡಿರಲಿಲ್ಲ. ಅಮ್ಮನ ಮುಖ ಸಣ್ಣದಾಯಿತು.

"ಇಲ್ಲೇನೂ ಕಾಣಲ್ವಲ್ಲೋ. ಬಲದ್ದು ಮೊದ್ಲು ಮಾಡ್ಸು ಅಂತ ಬಡ್ಕೊಂಡೆ, ಕೇಳಿದ್ಯಾ? ನೋಡೀಗ, ಆಪರೇಷನ್ ಕೆಟ್ಟೋಗ್ಯದೆ."

ಅಮ್ಮನ ಕಣ್ಣಿನ ಪೊರೆ ತೆಗೆಯುವವರು ದೇವನಹಳ್ಳಿಯಲ್ಲೇ ಸಿಕ್ಕರು. ಆ ಪೆಟ್ಟಿಗೆಯ ಪೊರೆ ತೆಗೆಯುವವರು ಯಾವೂರಲ್ಲಿ ಸಿಗುತ್ತಾರೆ?