ಮಗ್ಗ ನಿಂತಾಗ ಕೂಗುವ ಮಾತು

ಇಳಕಲ್ಲಿನ ಶಿವಲಿಂಗವ್ವನಿಗೆ ಕಣ್ಣಿಗಿಂತ ಕಿವಿ ಚುರುಕು. ಅವಳು ಒಳಗೆ ರೊಟ್ಟಿ ಬಡಿಯುವಾಗ ಪಡಸಾಲೆಯಲ್ಲಿ ಗಂಡ ಶಿವಸಂಗಪ್ಪನ ಮಗ್ಗ ನಡೆಯುತ್ತಿರುತ್ತದೆ. ನಡೆಯುವಷ್ಟು ಹೊತ್ತು ಆ ಸದ್ದಿನ ಮೇಲೆ ಅವಳ ಗಮನವೇ ಇರುವುದಿಲ್ಲ. ಅದು ನಿಂತಿತೆಂದರೆ ಮಾತ್ರ ಕೈ ತಾನಾಗಿ ತಡೆಯುತ್ತದೆ.

"ಏನಾತ್ರೀ?"

"ಎಳಿ ಕಡದೈತಿ, ಹಚ್ಚಾಕತ್ತೀನಿ."

ಆ ಉತ್ತರ ಬಂದ ಮೇಲೆಯೇ ಅವಳು ಮತ್ತೆ ಹಿಟ್ಟಿಗೆ ಕೈ ಹಾಕುವುದು. ಅವರ ಓಣಿಯ ಮನೆಮನೆಯ ರೂಢಿಯೇ ಇದು. ಕೂಗಿದವರಿಗೆ ಉತ್ತರ ಕೊಡದೆ ಯಾರೂ ಸುಮ್ಮನಿರುವುದಿಲ್ಲ.

ಅವಳ ಸ್ವಂತ ಕೆಲಸ ಕೊಂಡಿ ಹಾಕುವುದು. ಸೀರೆಯ ಮೈಯ ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಎದುರುಬದುರು ಇಬ್ಬರು ಬೇಕು, ಒಬ್ಬರು ಎತ್ತಿ ಕೊಡಲು, ಇನ್ನೊಬ್ಬರು ಸೇರಿಸಲು. ಶಿವಲಿಂಗವ್ವನ ಎದುರಿಗೆ ಕೂರುವವಳು ಪಕ್ಕದ ಮನೆಯ ಕಾಸಿಂಬಿ. ಒಂದು ಕೊಂಡಿ ಸಡಿಲವಾದರೆ ಅದು ಯಾರ ಕೈಯದೆಂದು ಇಬ್ಬರೂ ಎಂದೂ ಹುಡುಕಿದವರಲ್ಲ. ಬಿಚ್ಚಿ ಮತ್ತೆ ಹಾಕುತ್ತಿದ್ದರು, ಅಷ್ಟೇ. ಶಿವಲಿಂಗವ್ವನ ಮಗಳು ಶ್ರುತಿ, ಕಾಸಿಂಬಿಯ ಮಗಳು ಖುಶನುಮಾ ಆ ಎಳೆಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದರು.

ಹುಡುಗಿಯರ ಕೈಗೆ ಟೆನಿಸ್ ಬ್ಯಾಟು ಕೊಟ್ಟವರು ಸಾಲೆಯ ಪಿ.ಟಿ. ಮೇಷ್ಟ್ರು ಶಂಕರಲಿಂಗ. ಊರಿನ ಕಲ್ಲಿನ ವ್ಯಾಪಾರಿಗಳು ತಮ್ಮ ಆಟಕ್ಕೆಂದು ಮಾಡಿಸಿದ ಅಂಗಳ ಮುಂಜಾನೆ ಖಾಲಿ ಇರುತ್ತಿತ್ತು. "ಕಳಸೂದಾದ್ರ ಇಬ್ಬರನ್ನೂ ಕೂಡೇ ಕಳಸ್ರಿ. ಒಬ್ಬಾಕಿ ಬಂದ್ರ ಚಿತ್ತ ಇನ್ನೊಬ್ಬಾಕಿ ಕಡೇನ ಇರತೈತಿ" ಎಂದು ಅವರು ಮನೆಗೇ ಬಂದು ಹೇಳಿದ್ದರು. ಜೋಡಿಯಾಗಿ ಹೋದವರು ಜೋಡಿಯಾಗಿಯೇ ಆಡಿದರು. ಬೆಳೆದು, ಊರೂರು ತಿರುಗಿ ಡಬಲ್ಸ್ ಆಡಿದರು. ಶಿವಲಿಂಗವ್ವ ಮಾತ್ರ ಒಂದು ಆಟವನ್ನೂ ನೋಡಿರಲಿಲ್ಲ. ಮಗಳು ಹೊರಟಾಗಲೆಲ್ಲ ಹಣೆಗೆ ವಿಭೂತಿ ಹಚ್ಚಿ ಕಳಿಸುವುದಷ್ಟೇ ಅವಳ ಪಾಲು.

ಈ ಸಲ ಬಾಗಲಕೋಟೆಯ ನವನಗರದಲ್ಲೇ ದೊಡ್ಡ ಪಂದ್ಯಾವಳಿ ಬಂತು. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಹೆಣ್ಣುಮಕ್ಕಳು ದೂರದೂರದಿಂದ ಬಂದಿದ್ದರು. ಜಿಲ್ಲೆಯ ಹುಡುಗಿಯರೆಂದು ಶ್ರುತಿ, ಖುಶನುಮಾ ಜೋಡಿಗೂ ಒಂದು ಅವಕಾಶ ಸಿಕ್ಕಿತು. ಮೊದಲ ಸುತ್ತು ಗೆದ್ದರೆ ರ‍್ಯಾಂಕಿಂಗಿನಲ್ಲಿ ಹೆಸರು ಬರುತ್ತದೆ, ಮುಂದಿನ ಪಂದ್ಯಾವಳಿಗಳ ದಾರಿ ತೆರೆಯುತ್ತದೆ. ಸೋತರೆ ಖುಶನುಮಾ ಖಾಸಗಿ ಸಾಲೆಯೊಂದರಲ್ಲಿ ಆಟದ ಟೀಚರ್ ಆಗಬೇಕು. ಹಾಗೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಅಲ್ಲಿಗೆ ಜೋಡಿ ಮುರಿದಂತೆಯೇ.

ತಾಯಂದಿರಿಬ್ಬರೂ ಬುತ್ತಿ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತರು. ಹಿಂದೆ ಶಂಕರಲಿಂಗ ಸರ್.

"ಆ ಎತ್ತರದ ಹುಡುಗೀರನ್ನ ನೋಡಕ್ಕಾ, ನಮ್ಮವು ಅವರ ಭುಜಕ್ಕ ಬರ್ತಾವ" ಎಂದಳು ಕಾಸಿಂಬಿ.

"ಸುಮ್ನ ಕುಂದ್ರ. ದೃಷ್ಟಿ ಹಾಕಬ್ಯಾಡ."

"ನನ್ನ ದೃಷ್ಟಿ ಅವರಿಗೇ ತಗಲ್ಲಿ ಬಿಡು."

ಒಂದು ಸೆಟ್ ಅವರು ಗೆದ್ದರು, ಒಂದು ಇವರು. ಕೊನೆಯದು ಹತ್ತು ಪಾಯಿಂಟಿನ ಆಟವಂತೆ, ಗೆಲ್ಲಲು ಎರಡು ಪಾಯಿಂಟು ಮುಂದಿರಬೇಕಂತೆ. ಶಿವಲಿಂಗವ್ವ ನೋಡಲಾಗದೆ, ಕೊರಳ ಲಿಂಗವನ್ನು ಸೆರಗಿನೊಳಗೆ ಹಿಡಿದುಕೊಂಡು ಕಣ್ಣು ಮುಚ್ಚಿ ಜಪಕ್ಕೆ ತೊಡಗಿದಳು. ಚೆಂಡು ಆ ಕಡೆ ಈ ಕಡೆ ಟಪ್, ಟಪ್ ಎನ್ನುತ್ತಿತ್ತು. ಜಪ ಆ ಸದ್ದಿಗೆ ಹೊಂದಿಕೊಂಡಿತು. ನಿಧಾನವಾಗಿ ಅವಳ ಮನಸ್ಸಿನಿಂದ ಮೆಟ್ಟಿಲೂ ಹೋಯಿತು, ಜನರೂ ಹೋದರು.

"ಒಂಬತ್ತ ಏಳು! ಇನ್ನೊಂದ ಬಂದ್ರ ಗೆದ್ದಂಗರಿ" ಎಂದು ಶಂಕರಲಿಂಗ ಸರ್ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಲೇ ಇಲ್ಲ. ಸರ್ವ್ ಖುಶನುಮಾಳದು. ಮೊದಲನೆಯದು ನೆಟ್ಟಿಗೆ ಬಿತ್ತು. ಎರಡನೆಯದಕ್ಕೆ ಅವಳು ಚೆಂಡು ಹಿಡಿದು ನಿಂತಾಗ ಇಡೀ ಅಂಗಳ ಉಸಿರು ಬಿಗಿಹಿಡಿಯಿತು. ಸದ್ದು ಪೂರ್ತಿ ನಿಂತಿತು.

ಚೆಂಡು ಮೇಲಕ್ಕೆ ಹೋದ ಗಳಿಗೆಯಲ್ಲೇ ಶಿವಲಿಂಗವ್ವ ಕೂಗಿದಳು:

"ಏನಾತ್ರೀ?"

ಖುಶನುಮಾಳ ಕೈ ಅಲುಗಿತು. ಚೆಂಡು ಮತ್ತೆ ನೆಟ್ಟಿಗೆ, ಆ ಪಾಯಿಂಟು ಹೋಯಿತು.

ಜನ ತಿರುಗಿ ನೋಡಿದರು. ಯಾರೋ ನಕ್ಕರು. ಎತ್ತರದ ಕುರ್ಚಿಯ ಅಂಪೈರು ಮೈಕಿನಲ್ಲಿ ಏನೋ ಹೇಳಿದ. ಕಾಸಿಂಬಿ ಅವಳ ತೊಡೆ ಚಿವುಟಿದಳು.

"ಅಕ್ಕಾ, ಇದೇನ ಮಗ್ಗದ ಮನಿ ಅಂತ ತಿಳದೀಯೇನ? ನಿನ್ನ ಗಂಡನ್ನ ಇಲ್ಲಿ ಕರದರ ಅಂವ ಬರ್ತಾನೇನು?"

ಶಿವಲಿಂಗವ್ವನಿಗೆ ತಾನು ಮಾಡಿದ್ದು ಆಗ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಪಾಯಿಂಟು ಎದುರಾಳಿಗಳಿಗೆ ಹೋಯಿತು. ಅದರ ಮುಂದಿನದೂ, ಕೊನೆಯದೂ.

ಮರಳುವ ಬಸ್ಸಿನಲ್ಲಿ ಹುಡುಗಿಯರು ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಮುಂದಿನ ಸೀಟಿನಲ್ಲಿ ಶಿವಲಿಂಗವ್ವ ಬುತ್ತಿ ಬಿಚ್ಚಲಿಲ್ಲ.

"ನಿನ್ನ ಮಗಳ ದಾರಿಗಿ ನಾನ ಅಡ್ಡಾದೆ, ಕಾಸಿಂಬಿ."

ಕಾಸಿಂಬಿಗೂ ನೋವಿತ್ತು, ಅವಳು ಅದನ್ನು ಮುಚ್ಚಿಡಲು ಹೋಗಲಿಲ್ಲ. "ಸಂಕಟ ಆಗೈತಿ, ಖರೆ. ಆದ್ರ ಆಮ್ಯಾಲಿನ ಮೂರು ಪಾಯಿಂಟಿನ್ಯಾಗ ನೀ ಬಾಯಿ ತಗದಿಲ್ಲಲ್ಲ. ಕೊಂಡಿ ಸಡ್ಲಾದಾಗ ಯಾರದಂತ ಎಂದಾದ್ರೂ ಕೇಳೇವೇನ ನಾವು? ಇವತ್ತ ಯಾಕ ಕೇಳೂಣು?"

ಹುನಗುಂದದ ನಿಲ್ದಾಣದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ಇಂಜಿನ್ ನಿಂತಿತು. ಬಸ್ಸಿನೊಳಗೆ ಒಮ್ಮೆಲೇ ಮೌನ. ಶಿವಲಿಂಗವ್ವನ ತುಟಿಯವರೆಗೆ ಮಾತು ಬಂತು. ಹಲ್ಲು ಕಚ್ಚಿ ತಡೆದಳು.

"ಏನಾತ್ರೀ?"

ಕೂಗಿದ್ದು ಹಿಂದಿನ ಸೀಟಿನ ಖುಶನುಮಾ. ಥೇಟ್ ಶಿವಲಿಂಗವ್ವನ ದನಿ, ಅದೇ ಎಳೆತ. ಶ್ರುತಿ ನಗು ತಡೆಯಲಾಗದೆ ಕೆಮ್ಮಿದಳು. ಕಂಡಕ್ಟರ್ ಕೂಡ ತಿರುಗಿ ನೋಡಿದ.

ಶಿವಲಿಂಗವ್ವ ಹಿಂದಕ್ಕೆ ಹೊರಳಿದಳು. ಹುಡುಗಿಯ ಕಣ್ಣುಗಳು ಅತ್ತು ಕೆಂಪಾಗಿದ್ದವು, ಬಾಯಿ ಮಾತ್ರ ನಗುತ್ತಿತ್ತು. ಕೂಗಿದವರಿಗೆ ಉತ್ತರ ಕೊಡಲೇಬೇಕು.

"ಎಳಿ ಕಡದೈತಿ ನನ್ನವ್ವಾ" ಎಂದಳು.

"ಹಂಗಾರ ಹಚ್ಚೂಣು ಬಿಡ್ರಿ, ದೊಡ್ಡವ್ವಾ. ಸೋಮವಾರದಿಂದ ಸಾಲಿಗಿ ಹೋಗಾಕಿ ನಾ, ಅಪ್ಪಗ ಮಾತ ಕೊಟ್ಟೇನಿ. ಆದ್ರ ಮುಂಜಾನಿ ಅಂಗಳ ಖಾಲಿನ ಇರತೈತಲ್ಲ?"

"ನೀ ಬಂದ್ರ ನಾನೂ ಬರ್ತೇನಿ" ಎಂದಳು ಶ್ರುತಿ. "ನೀ ಬರದಿದ್ರ ನಿಮ್ಮ ಮನಿ ಮುಂದ ನಿಂತು ನಮ್ಮವ್ವನಂಗ ಕೂಗ್ತೇನಿ, ನೋಡ."

ಇಂಜಿನ್ ಮತ್ತೆ ಶುರುವಾಯಿತು. ಶಿವಲಿಂಗವ್ವ ಬುತ್ತಿ ಬಿಚ್ಚಿ, ಮೊದಲ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಹಿಂದಿನ ಸೀಟಿಗೆ ಕೊಟ್ಟಳು. ಖುಶನುಮಾ ಅದನ್ನು ಎರಡಾಗಿ ಮುರಿದಳು.