ಅಲಾಸುವಾ ಬಿಡಿಸಿದ ಕೈ

ಅಲಾಸುವಾ ಬಾಯಿ ತೆರೆದರೆ ಎದುರಿದ್ದವರ ಮಾನ ಹರಾಜು. ನಮ್ಮ ಹಿಮನಾಡಿನ ಕಲ್ಲಚ್ಚಿನ ಮನೆಗೆ ಚಿತ್ರ ತಂದಾಗಲೆಲ್ಲ, ಕಲ್ಲಿಗೆ ಮಸಿ ಹಚ್ಚುವ ನನ್ನನ್ನು ನೋಡಿ, "ಏನೋ ನಾತಾಕ್, ಮೂವತ್ತು ವರ್ಷ ಆಯ್ತು, ಇನ್ನೂ ಕಲ್ಲಿಗಿಂತ ನಿನ್ ಮೂತಿಗೇ ಜಾಸ್ತಿ ಮಸಿ ಬಳೀತೀಯಲ್ಲ" ಎನ್ನುವಳು. ಹಿಮಕರಡಿ, ಬಾತುಕೋಳಿ, ಸೀಲ್ ಬೇಟೆ ಎಲ್ಲ ಬಿಡಿಸಿದಳು. ತಂಗಿ ನುವಾಲಿಯನ್ನು ಮಾತ್ರ ಅರವತ್ತು ದಾಟುವವರೆಗೆ ಮುಟ್ಟಲಿಲ್ಲ.

ನುವಾಲಿಯ ಕಥೆ ನಮ್ಮೂರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಹಸಿವಿನ ಚಳಿಗಾಲದಲ್ಲಿ, ನಾಯಿಗಳನ್ನೂ ತಿಂದು ಎರಡೇ ಉಳಿದಿದ್ದಾಗ, ಇವರಿಬ್ಬರ ಅಣ್ಣ ಪುಟುಗುಕ್ ಊಟ ಸಿಗುವ ಕಡೆಗೆ ಜಾರುಬಂಡಿ ಹೊರಡಿಸಿದ. ಆರು ವರ್ಷದ ನುವಾಲಿಗೆ ಏಳಲು ಆಗುತ್ತಿರಲಿಲ್ಲ. ಅವಳನ್ನು ಹಿಮದ ಮನೆಯಲ್ಲೇ ಬಿಟ್ಟರು. ಸತ್ತವರ ಹೆಸರನ್ನು ಹುಟ್ಟಿದ ಕೂಸಿಗೆ ಇಟ್ಟರೆ ಅವರು ಮನೆಗೆ ಮರಳುತ್ತಾರೆ ಎಂಬುದು ನಮ್ಮವರ ನಂಬಿಕೆ. ಪುಟುಗುಕ್ ಆ ಹೆಸರನ್ನು ಯಾವ ಕೂಸಿಗೂ ಇಡಗೊಡಲಿಲ್ಲ.

ಕೊನೆಗೆ ಅಲಾಸುವಾ ಬಿಡಿಸಿದಳು: ದೂರ ಹೋಗುತ್ತಿರುವ ಬಂಡಿ, ಹಿಂದೆ ಹಿಮದ ಮನೆ, ಬಾಗಿಲಲ್ಲಿ ಒಂದು ಪುಟ್ಟ ಕೈ.

"ಹೆಸರು ಹೋದ್ರೆ ಹೋಗ್ಲಿ, ಇಲ್ಲಾದ್ರೂ ಇರ್ಲಿ ಅವಳು" ಎಂದಳು ನನಗೆ.

ನಮ್ಮ ಅಚ್ಚಿನ ಮನೆಯಲ್ಲಿ ಕಲ್ಲು ಕೆತ್ತುವವನು ಅದೇ ಪುಟುಗುಕ್. ಚಿತ್ರದ ಹಾಳೆಯನ್ನೇ ಕಲ್ಲಿಗೆ ಅಂಟಿಸಿ ಕೆತ್ತುತ್ತಾನೆ. ಕೆಲಸ ಮುಗಿಯುವ ಹೊತ್ತಿಗೆ ಚಿತ್ರ ಚೂರುಚೂರಾಗಿರುತ್ತದೆ. ಉಳಿದ ಕಲ್ಲಿಗಷ್ಟೇ ಮಸಿ ಹತ್ತುತ್ತದೆ, ಕೆತ್ತಿ ತೆಗೆದದ್ದೆಲ್ಲ ಬಿಳಿ. ನಾನು ಮಸಿ ಹಚ್ಚಿ, ಕಾಗದ ಹಾಸಿ, ಅಂಗೈಯಲ್ಲಿ ಉಜ್ಜಿ ಎತ್ತಿದೆ. ಬಂಡಿ ಇತ್ತು, ಅಣ್ಣನ ಚಾವಟಿಯೂ ಇತ್ತು. ಬಾಗಿಲಲ್ಲಿ ಏನೂ ಇರಲಿಲ್ಲ.

ಅಲಾಸುವಾ ಖಾಲಿ ಬಾಗಿಲ ಮೇಲೆ ಬೆರಳಿಟ್ಟಳು. "ಅಣ್ಣಾ, ಕೈ ಎಲ್ಲಿ?"

"ಯಾವ ಕೈ? ಪೆನ್ಸಿಲ್ ಕಲೆ ಅನ್ಕೊಂಡೆ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು" ಎಂದ ಪುಟುಗುಕ್, ಉಳಿ ಒರೆಸುತ್ತ. "ಆವತ್ತೂ ಜಾಗ ಇರ್ಲಿಲ್ಲ. ಈಗ್ಲೂ ಇಲ್ಲ."

ಅವಳು ನನ್ನ ಕಡೆ ತಿರುಗಿದಳು. "ನಾತಾಕ್, ಒಂದು ಪ್ರತಿ ಮೇಲಾದ್ರೂ ಆ ಬಾಗಿಲಲ್ಲಿ ಬೆರಳಿಂದ ಮಸಿ ಒತ್ತಪ್ಪ. ಒಂದೇ ಒಂದು."

"ಐವತ್ತು ಪ್ರತೀನೂ ಒಂದೇ ಥರ ಇರ್ಬೇಕಕ್ಕ, ನಿಯಮ" ಎಂದೆ.

ನಿಯಮವೇನೋ ಇತ್ತು. ನಾನು ಹೆದರಿದ್ದು ಮಾತ್ರ ಪುಟುಗುಕ್‌ಗೆ. ನನ್ನ ಹೇಡಿತನಕ್ಕೆ ಬೆಂಕಿ ಬೀಳಲಿ. ಐವತ್ತು ಪ್ರತಿ ದಕ್ಷಿಣದ ಪೇಟೆಗಳಿಗೆ ಮಾರಾಟಕ್ಕೆ ಹೋದವು. ಮತ್ತೆ ಯಾರೂ ಅಚ್ಚು ತೆಗೆಯದಂತೆ ಕಲ್ಲನ್ನು ಉಜ್ಜಿ ಸಪಾಟು ಮಾಡಿದವನೂ ನಾನೇ.

ಅಲಾಸುವಾ ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ. ಎರಡು ವರ್ಷಕ್ಕೆ ಎದೆರೋಗ ಹತ್ತಿ ಮಲಗಿದಳು. ಆಗ ಪುಟುಗುಕ್‌ನ ಮೊಮ್ಮಗಳು ತುಂಬು ಬಸುರಿ. ಅಲಾಸುವಾ ನನ್ನನ್ನು ಹತ್ತಿರ ಕರೆದಳು.

"ಆ ಕೂಸಿಗೆ ನನ್ ಹೆಸರಿಡ್ತಾರೆ. ಬೇಡ ಅನ್ನು. ನುವಾಲಿ ಅಂತ ಇಡೋಕೆ ಹೇಳು. ನಾನು ವಾಪಸ್ ಬರ್ದಿದ್ರೂ ಪರವಾಗಿಲ್ಲ, ಅವಳು ಬರ್ಲಿ."

ಹೂಂ ಎಂದೆ. ಆಮೇಲೆ ಅವಳು ನಿರಾಳವಾಗಿ ನಿದ್ದೆ ಹೋದಳು.

ಅವಳು ಸತ್ತ ನಾಲ್ಕನೇ ದಿನ ಹೆಣ್ಣುಕೂಸು ಹುಟ್ಟಿತು. ಪುಟುಗುಕ್ ಅದನ್ನು ಎದೆಗವಚಿಕೊಂಡು, "ನನ್ ತಂಗಿ ಬಂದ್ಲು, ಅಲಾಸುವಾ ಬಂದ್ಲು" ಎಂದು ಗೊಳೋ ಎಂದು ಅತ್ತ. ಅಷ್ಟು ಅಳುವುದು ಅವನಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಊರವರು ಒಬ್ಬೊಬ್ಬರಾಗಿ ಆ ಹೆಸರು ಹಿಡಿದು ಕೂಸನ್ನು ಮಾತಾಡಿಸಿದರು. ನನ್ನ ಸರದಿ ಬಂದಾಗ ಅವನು ನನ್ನನ್ನೇ ನೋಡುತ್ತಿದ್ದ.

"ಬಂದ್ಯಾ ಅಲಾಸುವಕ್ಕ" ಎಂದೆ.