ಲಾರಿಯಿಲ್ಲದ ದಾರಿಯ ನಕಾಶೆ

ಪಂಕ್ಚರ್ ಆಗಬಹುದಿತ್ತು. ಎರಡೂ ಗಾಲಿ ಒಟ್ಟಿಗೇ ಆಗಬಹುದಿತ್ತು. ಚೈನಿಗೆ ಪ್ಯಾಂಟು ಸಿಕ್ಕಿ ಹರಿದು, ಸ್ವರ್ಣವಲ್ಲಿಯ ಹತ್ತಿರದ ಸೋದರತ್ತೆಯ ಮನೆಗೆ ನಾನು ಟವೆಲು ಸುತ್ತಿಕೊಂಡು ತಲುಪಬಹುದಿತ್ತು. ಕಾಡಿನಲ್ಲಿ ಉಣುಗು ಕಚ್ಚಿ ಮಂಗನ ಕಾಯಿಲೆ ಬರಬಹುದಿತ್ತು. ಬೇಸಿಗೆ ಬಂತೆಂದರೆ ನಮ್ಮ ಸಿದ್ದಾಪುರದ ಕಡೆಯವರಿಗೆ ಕಾಲು ತುರಿಸಿದರೂ ಅದೇ ಭಯ. ಹಳ್ಳ ದಾಟುವ ಸಂಕದ ಮರ ಲಡ್ಡು ಹಿಡಿದು ಮುರಿದು, ಸೈಕಲ್ಲು ಸಮೇತ ಕೆಳಗೆ ಬೀಳಬಹುದಿತ್ತು. ಮರಿ ಹಾಕಿದ ಕರಡಿ. ಹೆಜ್ಜೇನು. ಮರಿ ಹಾಕಿದ ನಾಯಿ. ಫಾರೆಸ್ಟ್ ಗಾರ್ಡ್ ನನ್ನನ್ನು ಗಂಧದ ಕಳ್ಳ ಅಂದುಕೊಳ್ಳಬಹುದಿತ್ತು. ಸೊಂಟ ಹಿಡಿಯಬಹುದಿತ್ತು. ಸೈಕಲ್ಲೇ ಕಳುವಾಗಬಹುದಿತ್ತು, ಅದಕ್ಕೆಂದು ಹೊಸ ಬೀಗ ಹಾಕಿಸಿದ್ದೆ. ಬೇಡ್ತಿ ಹೊಳೆಯಲ್ಲಿ ಕಾಲು ಜಾರಬಹುದಿತ್ತು. ಇದ್ಯಾವುದೂ ಆಗದಿದ್ದರೆ, ನಲವತ್ತಾರು ವರ್ಷದ ನನ್ನ ಎದೆ ಯಾವುದೋ ಏರಿನಲ್ಲಿ ಸುಮ್ಮನೆ ನಿಂತುಬಿಡಬಹುದಿತ್ತು.

ಡ್ರಾಯಿಂಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಹೀಗೆ ನಲವತ್ತೊಂದು ಅಪಾಯ ಬರೆದುಕೊಂಡಿದ್ದೆ. ನಾನು ಡ್ರಾಯಿಂಗ್ ಮಾಸ್ತರ. ಅಪಾಯಗಳಿಗೂ ಅಂಚು ಹಾಕಿ ಬಣ್ಣ ತುಂಬಿದವನು.

ಇದೆಲ್ಲಾ ಶುರುವಾಗಿದ್ದು ನನ್ನ ಭಾವನಿಂದ. ಅಕ್ಕನನ್ನು ಯಲ್ಲಾಪುರಕ್ಕೆ ಕೊಟ್ಟಿತ್ತು. ಭಾವನದು ಅಲ್ಲಿ ಹೆದ್ದಾರಿಯ ಬದಿಗೆ ಟೈರಿನ ಅಂಗಡಿ. ಅದಿರಿನ ಲಾರಿಗಳು ಅಂಕೋಲೆಯ ಕಡೆಗೆ ಸಾಲುಗಟ್ಟಿ ಇಳಿಯತೊಡಗಿದ ಕಾಲ ಅದು. ಅವನ ಅಂಗಡಿ ಉದ್ದ ಆಗುತ್ತಾ ಹೋಯಿತು, ರಸ್ತೆ ನಮ್ಮಂಥವರಿಗೆ ಗಿಡ್ಡ ಆಗುತ್ತಾ ಬಂತು. ಮೊದಲು ಡಾಂಬರಿನ ಅಂಚಿನಲ್ಲಿ ಸೈಕಲ್ಲಿಗೆ ಒಂದು ಗೇಣು ಜಾಗ ಇತ್ತು. ಆಮೇಲೆ ಅದೂ ಹೋಗಿ ಗಟಾರದಲ್ಲಿ ಓಡಿಸಬೇಕಾಯಿತು. ಒಂದು ದಿನ ಅಕ್ಕನ ಮನೆಗೆ ಹೋಗುವಾಗ ಲಾರಿಯೊಂದು ಹಾರ್ನ್ ಹೊಡೆದ ರಭಸಕ್ಕೆ ನಾನು ಸೈಕಲ್ಲಿನ ಜೊತೆ ಲಂಟಾನದ ಮಟ್ಟಿಯೊಳಗೆ ಹೋಗಿ ಕೂತೆ. ಮುಖದ ತುಂಬ ಗೀರು ಹೊತ್ತು ಭಾವನ ಎದುರು ನಿಂತು ಕೂಗಾಡಿದೆ: ರಸ್ತೆ ಇವರಪ್ಪಂದಾ? ತೆರಿಗೆ ನಾನು ಕೊಡುವುದಿಲ್ಲವಾ?

ಭಾವ ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲಿ ನಿಧಾನವಾಗಿ ಹೇಳಿದ: "ಸೈಕಲ್ಲು ಹೇಳಿ ಒಂದು ಇತ್ತು, ಅದರ ಕಾಲ ಮುಗತ್ತು ಮಾರಾಯ. ಬಸ್ಸು ಇದ್ದು, ಹತ್ತಿ ಬಾ."

"ಹೆದ್ದಾರಿ ಮುಟ್ಟದೇ ಬತ್ತೆ," ಅಂದೆ. "ನಮ್ಮೂರು ಮನ್ಮನೆಯಿಂದ ನಿನ್ನ ಮನೆ ಅಂಗಳದ ತನಕ."

"ನೀನಾ? ಮಳೆ ಬಪ್ಪ ಮೊದಲೇ ಕೊಡೆ ಬಿಡಸವ!" ನಕ್ಕ. ಆಮೇಲೆ ಅಕ್ಕನಿಗೆ ಕೇಳುವ ಹಾಗೆ ದೊಡ್ಡದಾಗಿ: "ನೀನು ಸೈಕಲ್ಲಿನ ಮೇಲೆ ಕೂತು ಎನ್ನ ಅಂಗಳದಲ್ಲಿ ಬೆಲ್ಲು ಹೊಡೆದ ದಿನ, ಆನು ಹೊರಗೆ ಬಂದು ಕೈ ಮುಗೀತೆ."

ಆ ಬೆಲ್ಲಿನ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಹೆದರಿಕೆಯಿಂದ ನಾನು ಬಿಟ್ಟ ಕೆಲಸಗಳದ್ದೇ ಇನ್ನೊಂದು ಪಟ್ಟಿ ಮಾಡಬಹುದು: ಈಜು, ಸ್ಕೂಟರು, ಹೆಡ್ ಮಾಸ್ತರಿಕೆ. ಇದೊಂದನ್ನು ಬಿಡಬಾರದು ಅಂತ ಹಟ ಬಂತು.

ಬರಿ ಹಟದಿಂದ ಏನಾಗುತ್ತದೆ, ದಾರಿ ಬೇಕಲ್ಲ. ಮೂರು ವರ್ಷ ನಕಾಶೆ ಬರೆದೆ. ಲಾರಿ ಓಡಾಡುವ ರಸ್ತೆಗೆ ಕೆಂಪು, ಬಸ್ಸು ಮಾತ್ರ ಹೋಗುವುದಕ್ಕೆ ಹಳದಿ, ಯಾವುದೂ ಹೋಗದ್ದಕ್ಕೆ ಹಸಿರು. ಮದುವೆ ಮನೆಗಳಲ್ಲಿ ಪಂಕ್ತಿಯಲ್ಲಿ ಕೂತವರನ್ನು, ಜಾನುವಾರು ಮಾರುವವರನ್ನು, ಅಂಚೆಯವರನ್ನು ಕೇಳಿ ಕೇಳಿ ಹಸಿರು ಗೆರೆಗೆ ಹಸಿರು ಗೆರೆ ಜೋಡಿಸಿದೆ. ಆ ಹಸಿರಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಮೇಲೆ ಡಾಂಬರಾಯಿತು. ಡಾಂಬರಾದ ವಾರಕ್ಕೇ ಜಲ್ಲಿಯ ಲಾರಿ ಬಂತು. ನನ್ನ ನಕಾಶೆ ನೋಡಿಯೇ ಬಂದರೇನೋ ಅಂತ ಈಗಲೂ ಸಿಟ್ಟು ಬರುತ್ತದೆ.

ಹೊರಡುವ ದಿನ ಹೆಂಡತಿ ಪಟ್ಟಿಯನ್ನು ಓದಿ ಪುಸ್ತಕ ಮುಚ್ಚಿಟ್ಟಳು. "ನಲವತ್ತೆರಡನೇದು ಬರೆಯೋದ್ರೊಳಗೆ ಹೊರಟುಬಿಡಿ" ಅಂದಳು.

ಹೊರಟೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ: ಮೊದಲ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ನನಗೆ ಕೇಳಿದ್ದು ನನ್ನದೇ ಚೈನಿನ ಸದ್ದು, ಉದುರಿದ ಒಣ ದರಕೆಲೆಯ ಮೇಲೆ ಟೈರು ಹೋಗುವ ಸರಸರ, ಇಷ್ಟೇ. ಕೊಯ್ಲಾದ ಗದ್ದೆಯ ಬದಿಯಲ್ಲಿ ಗಾಡಿಯ ಜಾಡು, ಅದು ಮುಗಿದಲ್ಲಿ ಸಂಕ, ಸಂಕದ ಆಚೆ ಕೆಮ್ಮಣ್ಣಿನ ಏರು. ಏರಿನಲ್ಲಿ ಇಳಿದು ತಳ್ಳುತ್ತಿದ್ದೆ. ತಳ್ಳುವುದಕ್ಕೆ ನಾಚಿಕೆ ಪಡಲು ಅಲ್ಲಿ ಯಾರಿದ್ದರು? ಬೀಗದ ಜೊತೆಗೇ ಹಾಕಿಸಿದ್ದ ಹೊಸ ಬೆಲ್ಲನ್ನು ಒಂದು ಸಲವೂ ಹೊಡೆಯಲಿಲ್ಲ. ಯಾರಿಗಂತ ಹೊಡೆಯುವುದು? ಭಾವನ ಅಂಗಳಕ್ಕೇ ಅದನ್ನು ಉಳಿಸಿಟ್ಟೆ.

ಮನುಷ್ಯರು ಸಿಕ್ಕಾಗ ಮಾತ್ರ ಕಷ್ಟ. ಮೊದಲು ಸಿಕ್ಕವರು ಕೇಳಿದರು: "ಏನ್ರಾ ಮಾಸ್ತರ್ರೇ, ಬಸ್ಸು ತಪ್ಪೋಯ್ತಾ?" ಎರಡನೆಯವರು: "ಬೈಕು ಕೆಟ್ಟೋಯ್ತಾ?" ನಕಾಶೆ ಬಿಚ್ಚಿ ನಿಂತಿದ್ದಾಗ ಮೂರನೆಯವರು ಹೆಂಡತಿಯನ್ನು ಕೂಗಿ, ಅವಳು ಬರುವ ತನಕ ನನ್ನನ್ನು ಬಿಡಲಿಲ್ಲ: "ಅತಿಕ್ರಮಣದ ಸರ್ವೆಯಾ? ನಮ್ಮದು ಅಜ್ಜನ ಕಾಲದ ಗದ್ದೆ, ಬರ್ಕೊಳಿ!" ಸುಮ್ಮನೆ ಸೈಕಲ್ ಹೊಡೆಯುತ್ತಾ ಹೋಗುತ್ತಿದ್ದೇನೆ ಅಂದರೆ ಮೂವರೂ ಒಂದೇ ತರಹ ನೋಡಿದರು, ಮನೆಯಲ್ಲಿ ಜಗಳವಾಡಿ ಬಂದವನನ್ನು ನೋಡುವ ಹಾಗೆ. ಜೀಪಿನಲ್ಲಿ ಹೋಗುವವನನ್ನು ಯಾಕೆ ಅಂತ ಒಬ್ಬರೂ ಕೇಳುವುದಿಲ್ಲ. ಸ್ವಂತ ಕಾಲಿನಲ್ಲಿ ಹೋಗುವವನು ಮಾತ್ರ ಕಾರಣ ಹೇಳಬೇಕು. ಇದು ಯಾವ ನ್ಯಾಯ?

ಸೋದರತ್ತೆಯ ಮನೆಯಲ್ಲಿ ರಾತ್ರಿ ಉಳಿದೆ. ಮರುದಿನ ಬೇಡ್ತಿ ಹೊಳೆಯನ್ನು ಮೊಣಕಾಲು ನೀರಿನಲ್ಲಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ದಾಟಿದೆ. ಜಾರಲಿಲ್ಲ. ಆಚೆ ದಡದ ಏರನ್ನು ತಳ್ಳಿಕೊಂಡು ಹತ್ತಿ ಮೇಲೆ ಬಂದಾಗ ಒಂದು ಮನೆ. ಜಗಲಿಯಲ್ಲಿ ಹಿರಿಯ ಯಜಮಾನರು ನಿಂತು ನೋಡುತ್ತಿದ್ದರು.

"ಎಲ್ಲಿಂದ ಬಂದಿದ್ದು? ಬನ್ನಿ ಬನ್ನಿ, ಆಸರಿಗೆ ಕುಡೀರಿ. ಊಟದ ಹೊತ್ತಾತು, ಊಟ ಮಾಡ್ಕಂಡೇ ಹೋಪದು."

ಎಲ್ಲಿಗೆ, ಯಾರ ಮನೆಗೆ ಎಂದು ಕೇಳಿದರು. ಹೇಳಿದೆ. "ಓ, ಟೈರಿನ ಅಂಗಡಿ! ಎಂಗಳ ಜೀಪಿನ ನಾಲ್ಕೂ ಟೈರು ಅಲ್ಲಿಂದೇ" ಅಂದರು. ತಂಬುಳಿ, ಗೊಜ್ಜು, ಮೇಲೆ ಎರಡು ಸೌಟು ಮಜ್ಜಿಗೆ. ಬೀಗ ಹಾಕಿದ ಸೈಕಲ್ಲನ್ನು ಕಣ್ಣಿಗೆ ಬೀಳುವ ಹಾಗೆ ಮೆಟ್ಟಿಲಿಗೆ ಒರಗಿಸಿ, ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು, ಜಗಲಿಯ ಚಾಪೆಯಲ್ಲಿ ಐದು ನಿಮಿಷ ಅಂತ ಕಣ್ಣು ಮುಚ್ಚಿದೆ.

ಎದ್ದಾಗ ಮೆಟ್ಟಿಲ ಹತ್ತಿರ ಸೈಕಲ್ಲು ಇರಲಿಲ್ಲ.

"ಕಳವು!" ಎಂದು ಕೂಗಿದ್ದು ನಾನೇ. ಪಟ್ಟಿಯ ಹತ್ತೊಂಬತ್ತನೆಯದು.

ಯಜಮಾನರು ಒಳಗಿನಿಂದ ನಗುತ್ತಾ ಬಂದರು. "ಕಳಿಸಿ ಆತು ಮಾಸ್ತರ್ರೇ! ಜೀಪು ಅಡಕೆ ಮೂಟೆ ಹೇರಿಕೊಂಡು ಯಲ್ಲಾಪುರಕ್ಕೆ ಹೊರಟಿತ್ತು. ಮೇಲೆ ಹಗ್ಗ ಬಿಗಿದು ಕಟ್ಟಿ ಕಳಿಸಿದ್ದು. ನಿಮ್ಮ ಭಾವನ ಮನೆ ಅಂಗಳಕ್ಕೇ ಮುಟ್ಟಿಸ್ತ."

"ಮತ್ತೆ ನಾನು?"

"ಜೀಪಿನಲ್ಲಿ ಜಾಗ ಇತ್ತಿಲ್ಲೆ. ನಿಮಗೆಂತ, ಆರಾಮ ನಡ್ಕಂಡು ಹೋಪಲಕ್ಕು. ಆ ಸೈಕಲ್ಲನ್ನ ನೀವು ಹೊತ್ಕಂಡು ಹೊಳೆ ದಾಟಿದ್ದು, ಏರಿನಲ್ಲಿ ನೂಕಿದ್ದು, ಎಲ್ಲ ಇಲ್ಲಿಂದ ಕಾಣ್ತಿತ್ತು. ಎಷ್ಟು ಕಷ್ಟ ಕೊಡ್ತು ಅದು ನಿಮಗೆ! ಪಾಪ ಹೇಳಿ ಕಂಡ್ತು."

ಯಜಮಾನರ ಮುಖದಲ್ಲಿ ಎಷ್ಟು ಸಂತೋಷ ಇತ್ತೆಂದರೆ ನನಗೆ ಬೈಯುವುದಕ್ಕೂ ಆಗಲಿಲ್ಲ. ಬೈಯಲಾಗದ ಸಿಟ್ಟು ಬೈಯುವ ಸಿಟ್ಟಿಗಿಂತ ಕೆಟ್ಟದ್ದು. ಹದಿನಾಲ್ಕು ಕಿಲೋಮೀಟರು ನಡೆದೆ. ಒಂದು ಬಸ್ಸಾದರೂ ಬರಬಾರದಾ ಎಂದು ತಿರುಗಿ ತಿರುಗಿ ನೋಡಿದೆ. ಹೇಗೆ ಬರುತ್ತದೆ? ಬಸ್ಸಿಲ್ಲದ, ಟೆಂಪೋ ಇಲ್ಲದ, ಆ ಒಂದು ಜೀಪು ಬಿಟ್ಟರೆ ಯಾವುದೂ ಇಲ್ಲದ ದಾರಿಯನ್ನು ಮೂರು ವರ್ಷ ಹುಡುಕಿ ಬಣ್ಣ ಹಚ್ಚಿದವನು ನಾನೇ ಅಲ್ಲವಾ? ದಾರಿಯುದ್ದಕ್ಕೂ ಲಾರಿಗಳನ್ನು, ಜೀಪುಗಳನ್ನು, ತಂಬುಳಿಯನ್ನು, ಮನುಷ್ಯನ ಮರುಕವನ್ನು ಒಂದರ ಮೇಲೊಂದು ಬೈದೆ.

ದೀಪ ಹಚ್ಚುವ ಹೊತ್ತಿಗೆ ತಲುಪಿದೆ. ಅಂಗಳದ ಮೂಲೆಯಲ್ಲಿ ಸೈಕಲ್ಲು, ಅಕ್ಕ ಒರೆಸಿ ನಿಲ್ಲಿಸಿದ್ದಳು. ಭಾವ ಜಗಲಿಯಲ್ಲಿ ಕೂತಿದ್ದ.

"ಸೈಕಲ್ಲು ಮಧ್ಯಾಹ್ನವೇ ಬೈಂದು," ಅಂದ. "ನೀ ಎಲ್ಲಿ ಉಳದೆ?"

ಎಲ್ಲ ಹೇಳಿದೆ, ಕೂಗಿಯೇ ಹೇಳಿದೆ. ಭಾವ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ಹೋಗ್ಲಿ ಬಿಡು, ಬಂದ ಹಂಗೇ ಲೆಕ್ಕ" ಅಂದ. ಅವನಿಗೂ ಪಾಪ ಅನ್ನಿಸಿತ್ತು! ಒಂದೇ ದಿನ ಎರಡು ಮನೆಯ ಮರುಕ ತಿಂದು ನನಗೆ ಅಕ್ಕ ಬಡಿಸಿದ್ದು ಸೇರಲಿಲ್ಲ.

ಬೆಳಕು ಹರಿಯುವಾಗ ಎದ್ದು, ಯಾರಿಗೂ ಹೇಳದೆ ಬೀಗ ತೆಗೆದು, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟೆ. ಹದಿನಾಲ್ಕು ಕಿಲೋಮೀಟರು. ನಾನು ಸೈಕಲ್ಲಿನ ಮೇಲೆ ಕೂರದೆ ಕಳೆದ ದಾರಿ ಎಲ್ಲಿ ಶುರುವಾಯಿತೋ ಅಲ್ಲಿಗೇ ಹೋಗಿ ತಿರುಗಬೇಕಿತ್ತು. ಯಜಮಾನರು ಜಗಲಿಯಲ್ಲೇ ಇದ್ದರು.

"ಅಯ್ಯೋ, ಮತ್ತೆಂತ ಆತು ಮಾಸ್ತರ್ರೇ? ನಿಲ್ಲಿ, ಜೀಪು ಇವತ್ತೂ ಹೊರಡ್ತು!"

ಕಾಲು ನೆಲಕ್ಕೆ ಇಡದೆ ಅವರ ಅಂಗಳದಲ್ಲಿ ಒಂದು ಸುತ್ತು ಹೊಡೆದು, ಬಲಗೈ ಎತ್ತಿ ನಮಸ್ಕಾರ ಹೇಳಿ, ಓಡಿಸಿಕೊಂಡು ಬಂದುಬಿಟ್ಟೆ. ಹಿಂದಿನಿಂದ ಅವರು ಜೀಪಿನವನನ್ನು ಕೂಗುತ್ತಿದ್ದುದು ಮುಂದಿನ ತಿರುವಿನ ತನಕ ಕೇಳಿಸಿತು. ಅಷ್ಟು ಜೋರಾಗಿ ನಾನು ಹರೆಯದಲ್ಲೂ ತುಳಿದಿರಲಿಲ್ಲ.

ಎಂಟೂವರೆಗೆ ಭಾವನ ಮನೆಯ ಓಣಿ ಸೇರಿದೆ. ಪಂಕ್ಚರ್ ಇಲ್ಲ, ಕರಡಿ ಇಲ್ಲ, ಎದೆ ಹೊಡೆದುಕೊಳ್ಳುತ್ತಿತ್ತು ಆದರೆ ನಿಂತಿರಲಿಲ್ಲ. ಸೈಕಲ್ಲಿನ ಮೇಲೆ ಕೂತೇ ಅಂಗಳಕ್ಕೆ ಇಳಿದೆ. ಒಳಗೆ ರೇಡಿಯೋ ವಾರ್ತೆ, ಭಾವನ ಕೆಮ್ಮು. ಮೂರು ವರ್ಷ ಕಾದ ಹೆಬ್ಬೆರಳನ್ನು ಬೆಲ್ಲಿನ ಮೇಲಿಟ್ಟು ಒತ್ತಿದೆ.

ಟಕ್ ಅಂತು. ಇನ್ನೊಮ್ಮೆ ಒತ್ತಿದೆ. ಟಕ್. ಹಿಂದಿನ ದಿನ ಹಗ್ಗ ಬಿಗಿದವರು ಬೆಲ್ಲಿನ ತಲೆಯ ಮೇಲೇ ಬಿಗಿದಿದ್ದರು. ಅದು ತಗ್ಗಿ ಚಪ್ಪಟೆಯಾಗಿತ್ತು. ಬೆಳಗಿನಿಂದ ಇಪ್ಪತ್ತೆಂಟು ಕಿಲೋಮೀಟರಿನಲ್ಲಿ ಬೆಲ್ಲು ಹೊಡೆಯುವುದಕ್ಕೆ ಒಬ್ಬ ಮನುಷ್ಯನೂ ಎದುರಾಗದೆ ನನಗದು ಗೊತ್ತೇ ಆಗಿರಲಿಲ್ಲ.

ಇಳಿದು ಬಾಗಿಲು ಬಡಿದರೆ ಮುಗಿಯಿತು, ಸೈಕಲ್ಲಿನ ಮೇಲೆ ಕೂತು ಬಂದದ್ದಕ್ಕೆ ಸಾಕ್ಷಿ ಇಲ್ಲ. ಅಂಗಳದಲ್ಲಿ ತುಳಸಿ ಕಟ್ಟೆಯನ್ನು ಸುತ್ತತೊಡಗಿದೆ. ಒಂದು ಸುತ್ತು. ಎರಡು. ಏಳನೆಯ ಸುತ್ತಿಗೆ ಭಾವ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಹೊರಗೆ ಬಂದ. ನನ್ನನ್ನು ನೋಡಿದ, ಧೂಳು ಹತ್ತಿದ ಗಾಲಿ ನೋಡಿದ, ನಾನು ಬಂದ ದಾರಿಯ ಕಡೆ ನೋಡಿದ. ಬ್ರಷ್ಷು ತೆಗೆದು, ಎರಡೂ ಕೈ ಜೋಡಿಸಿ ಮುಗಿದ.

"ಬಂದಿದ್ದು ಬಂದೆ," ಅಂದ, "ಒಂದು ಬೆಲ್ಲು ಹೊಡಿಯಲೆ ಎಂತ ಆಗಿತ್ತು ನಿಂಗೆ?"